ಬೆಳ್ಳಗಾದ ಡ್ಯಾಫ್ನಿಯಾ ಕಂಡವರಿಗೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಜಕ್ಕೂರು ಕೆರೆ ನೀರಿನಲ್ಲಿ ಕಂಡ ಬೆಳ್ಳಗಾದ ಡ್ಯಾಫ್ನಿಯಾದ ಫೋಟೋ ಹಾಕಿ "ಹೊಸ ಪರಾವಲಂಬಿ ಸಿಕ್ತಾ?" ಅಂತ ಕೇಳುತ್ತಿರುವವರಿಗೆ ಈ ಸೂಚನೆ. ಸ್ವಲ್ಪ ತಾಳಿ.

ಡ್ಯಾಫ್ನಿಯಾ ಅಂದರೆ ಕೆರೆ ನೀರಿನ ಪುಟ್ಟ ಜೀವಿ, ನೀರುಚಿಗಟ. ಅದರ ಮೈ ಗಾಜಿನಂತೆ. ಹಸಿರು ಕರುಳು, ಪಟಪಟ ಬಡಿಯುವ ಹೃದಯ ಎಲ್ಲ ಹೊರಗಿನಿಂದಲೇ ಕಾಣುತ್ತದೆ. ಮೈಕ್ರೋಸ್ಪೊರಿಡಿಯಾ ಎಂಬ ಪರಾವಲಂಬಿಗಳು ಹತ್ತಿದರೆ ಕೆಲವೊಮ್ಮೆ ಆ ಮೈ ಬಿಳಿಚಿ ಮಂಕಾಗುತ್ತದೆ. ಇವು ಒಂದೇ ಕೋಶದ ಜೀವಿಗಳು, ಶಿಲೀಂಧ್ರಗಳ ಹತ್ತಿರದ ನೆಂಟರು. ಇವುಗಳ ಬೀಜಕದೊಳಗೆ (ಸ್ಪೋರ್) ಸುರುಳಿ ಸುತ್ತಿದ ಕೊಳವೆಯೊಂದು ಇರುತ್ತದೆ. ಅದು ಕ್ಷಣದಲ್ಲಿ ಹೊರಚಿಮ್ಮಿ, ಒಳಗಿನ ಸರಕನ್ನೆಲ್ಲ ಡ್ಯಾಫ್ನಿಯಾದ ಕೋಶಕ್ಕೆ ಸುರಿದುಬಿಡುತ್ತದೆ. ಭಾರೀ ಕಿಲಾಡಿ! ರೇಷ್ಮೆಹುಳುವಿಗೆ ಪೆಬ್ರಿನ್ ರೋಗ ತರುವುದೂ ಇದೇ ಬಳಗ. ರಾಮನಗರದ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ ಅಲ್ವಾ?

ಆದರೆ ಮೈ ಹೀಗೆ ಬಿಳಿಚುವುದು ವೈರಸ್‌ನಿಂದಲೂ ಆಗಬಹುದು. ಫೋಟೋ ನೋಡಿ ಸುಮ್ನೆ ಹೆಸರಿಡಲು ಆಗುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕೊಳವೆಯ ಸುತ್ತುಗಳನ್ನು ಎಣಿಸಬೇಕು, ಡಿಎನ್‌ಎ ಹೋಲಿಸಬೇಕು. 2014ರಲ್ಲಿ ಡ್ಯಾಫ್ನಿಯಾದ ಕರುಳಿನ ಪರಾವಲಂಬಿಯೊಂದಕ್ಕೆ ಮೈಟೋಸ್ಪೊರಿಡಿಯಂ ಡ್ಯಾಫ್ನಿಯೆ ಎಂದು ಹೆಸರಿಟ್ಟರು. ಉಳಿದ ಮೈಕ್ರೋಸ್ಪೊರಿಡಿಯಾಗಳು ಕಳೆದುಕೊಂಡಿರುವ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಡಿಎನ್‌ಎ ಅದರಲ್ಲಿ ಇನ್ನೂ ಇತ್ತು. ಅದು ಗೊತ್ತಾಗಿದ್ದು ಅದರ ಜೀನೋಮ್ (ಪೂರ್ತಿ ಡಿಎನ್‌ಎ) ಓದಿದ ಮೇಲೆಯೇ.

ಭಾನುವಾರ ಕೆರೆ ನೀರು ತೆಗೆದುಕೊಂಡು ಬರುವವರು ಪ್ರತಿ ಕೆರೆಗೂ ಬೇರೆ ಬಾಟಲಿ ತನ್ನಿ. ಕೆರೆ ಹೆಸರು, ತಾರೀಖು ಬರೆದಿರಲಿ. ಬಿಳಿಚಿದ ಡ್ಯಾಫ್ನಿಯಾಗಳನ್ನು ಬೇರೆ ಇಡಿ. ಉಳಿದ ನೀರನ್ನು ಇನ್ನೊಂದು ಕೆರೆಗೆ ಮಾತ್ರ ಚೆಲ್ಲಬೇಡಿ, ಬೀಜಕಗಳೂ ಅದರ ಜೊತೆ ಹೋಗುತ್ತವೆ.