‘ವೈಕಿಂಗ್’ ಬೋರ್ಡು ನೋಡಿ ನಗುವ ಮುಂಚೆ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಜಪಾನ್ ಪ್ರವಾಸದ ಬರಹ ಓದಿದೆ. ಹೋಟೆಲಿನಲ್ಲಿ ‘ಬ್ರೇಕ್‌ಫಾಸ್ಟ್ ವೈಕಿಂಗ್’ ಅಂತ ಬೋರ್ಡು ಕಂಡು ಬರೆದವರು ನಕ್ಕಿದ್ದಾರೆ. ಜಪಾನಿನವರಿಗೆ ಇಂಗ್ಲಿಷ್ ತಲೆಗೇ ಹತ್ತುವುದಿಲ್ಲ ಅಂತ ಒಂದು ಸಾಲು ಗೀಚಿ ಮುಂದೆ ಹೋಗಿದ್ದಾರೆ. ನಾನು ಹನ್ನೊಂದು ವರ್ಷದಿಂದ ಯೊಕೊಹಾಮಾದಲ್ಲಿದ್ದೇನೆ. ಯಂತ್ರದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಡ್ರಾಯಿಂಗ್ ಕೆಲಸ. ನಕ್ಕಿದ್ದಕ್ಕೆ ನನ್ನ ತಕರಾರಿಲ್ಲ, ಬಂದ ಹೊಸದರಲ್ಲಿ ನಾನೂ ನಕ್ಕವಳೇ. ಆ ಸಾಲಿನ ಬಗ್ಗೆ ಮಾತ್ರ ತಕರಾರಿದೆ.

ಮೊದಲು ವೈಕಿಂಗ್ ಕತೆ. ಜಪಾನಿನಲ್ಲಿ ವೈಕಿಂಗ್ ಅಂದರೆ ಬಫೆ. 1958ರಲ್ಲಿ ಟೋಕಿಯೊದ ಇಂಪೀರಿಯಲ್ ಹೋಟೆಲಿನವರು ಸ್ಕ್ಯಾಂಡಿನೇವಿಯಾದ ಪದ್ಧತಿಯಂತೆ ಬೇಕಾದ್ದನ್ನು ಬೇಕಾದಷ್ಟು ಬಡಿಸಿಕೊಳ್ಳುವ ಊಟದ ಹಾಲ್ ತೆರೆದರು. ಅದಕ್ಕೆ ‘ಇಂಪೀರಿಯಲ್ ವೈಕಿಂಗ್’ ಅಂತ ಹೆಸರಿಟ್ಟರು. ಹೆಸರು ದೇಶಕ್ಕೆಲ್ಲ ಹಬ್ಬಿತು. ಇಂಥ ಪದಗಳು ಅಲ್ಲಿ ರಾಶಿ ಇವೆ. ಮ್ಯಾನ್ಷನ್ ಅಂದರೆ ಅಪಾರ್ಟ್‌ಮೆಂಟು. ಕನ್ಸೆಂಟ್ ಅಂದರೆ ಗೋಡೆಯಲ್ಲಿರುವ ಪ್ಲಗ್ ಪಾಯಿಂಟು. ಕನ್ನಿಂಗ್ ಅಂದರೆ ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದು! ಎಲ್ಲವನ್ನೂ ಕಟಕನಾದಲ್ಲಿ, ಅಂದರೆ ಹೊರಗಿನಿಂದ ಬಂದ ಪದಗಳಿಗೆ ಬಳಸುವ ಜಪಾನಿ ಲಿಪಿಯಲ್ಲಿ ಬರೆದು, ತಮ್ಮದೇ ಪದ ಮಾಡಿಕೊಂಡಿದ್ದಾರೆ. ಇಂಗ್ಲಿಷ್ ಕಲಿಯಲು ಕೂತಾಗ ಇವೇ ಕಾಲಿಗೆ ತೊಡರುತ್ತವೆ. ಗೊತ್ತಿಲ್ಲದ ಪದವಾದರೆ ಡಿಕ್ಷನರಿ ತೆಗೆಯುತ್ತೇವೆ. ಗೊತ್ತಿದೆ ಅಂದುಕೊಂಡ ಪದಕ್ಕೆ ಯಾರು ತೆಗೆಯುತ್ತಾರೆ?

ನನ್ನ ಪಕ್ಕದ ಮೇಜಿನಲ್ಲಿ ಕೂರುವವರು ನನಗಿಂತ ಹಿರಿಯರು. ಅವರನ್ನು ಸೆಂಪೈ ಅಂತಲೇ ಕರೆಯುತ್ತೇನೆ, ಜಪಾನಿಯಲ್ಲಿ ಹಾಗಂದರೆ ಕೆಲಸದಲ್ಲಿ ಹಿರಿಯರು ಅಂತ. ವಯಸ್ಸು ಐವತ್ಮೂರು. ದಿನಾ ರೈಲಿನಲ್ಲಿ ನಿಂತುಕೊಂಡೇ ಇಂಗ್ಲಿಷ್ ಪದ ಬಾಯಿಪಾಠ ಮಾಡುತ್ತಾರೆ. ಪುಸ್ತಕದಲ್ಲಿ ಅರ್ಥಗಳನ್ನು ಕೆಂಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಜೊತೆಗೆ ಒಂದು ಕೆಂಪು ಪ್ಲಾಸ್ಟಿಕ್ ಹಾಳೆ. ಅದನ್ನು ಪುಟದ ಮೇಲಿಟ್ಟರೆ ಕೆಂಪಕ್ಷರ ಮಾಯ, ಕಪ್ಪಕ್ಷರ ಮಾತ್ರ ಉಳಿಯುತ್ತದೆ. ಮನಸ್ಸಿನಲ್ಲೇ ಉತ್ತರ ಹೇಳಿಕೊಂಡು, ಹಾಳೆ ಸರಿಸಿ ನೋಡುವುದು. ಅಲ್ಲಿನ ಸ್ಕೂಲ್ ಮಕ್ಕಳೂ ಹೀಗೇ ಓದುತ್ತಾರೆ. ಸೆಂಪೈಗೆ ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ 990ಕ್ಕೆ 805 ಬಂದಿದೆ. ನನಗೆ ಗೊತ್ತಿಲ್ಲದ ಇಂಗ್ಲಿಷ್ ಪದ ಅವರಿಗೆ ಎಷ್ಟೋ ಗೊತ್ತು. ತಲೆಗೆ ಹತ್ತುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಅವರು ಎಡವಿದ್ದು ಬೇರೆ ಕಡೆ. ಎರಡು ವರ್ಷದ ಹಿಂದೆ ಅಮೆರಿಕದ ಗಿರಾಕಿಯೊಬ್ಬರು, ಬೋಲ್ಟಿನ ಬಣ್ಣ ಸ್ವಲ್ಪ ಮಂಕಾಗಿದೆ ಅಂತ ಸುಮ್ನೆ ಒಂದು ಮಾತು ಬರೆದಿದ್ದರು. ಸೆಂಪೈ ತುಂಬ ಮರ್ಯಾದೆಯಿಂದ, ‘ನಿಮ್ಮ ಕ್ಲೇಮ್ ತಲುಪಿದೆ, ಗಂಭೀರವಾಗಿ ತೆಗೆದುಕೊಂಡಿದ್ದೇವೆ’ ಎಂದು ಉತ್ತರ ಕೊಟ್ಟರು. ಕ್ಲೇಮ್ ಜಪಾನಿಗೆ ಬಂದು ‘ಕುರೇಮು’ ಆಗಿದೆ, ಹಾಗಂದರೆ ಅಲ್ಲಿ ದೂರು, ಅಷ್ಟೇ. ಇಂಗ್ಲಿಷಿನವರ ಕಿವಿಗೆ ಕ್ಲೇಮ್ ಅಂದರೆ ಪರಿಹಾರ ಕೇಳಿದ ಹಾಗೆ. ಮರುದಿನ ಆ ಕಡೆಯಿಂದ ವಕೀಲರನ್ನೂ ಸೇರಿಸಿಕೊಂಡು ಮೇಲ್ ಬಂತು. ನಾವು ದುಡ್ಡು ಕೇಳಲೇ ಇಲ್ಲವಲ್ಲ, ನೀವ್ಯಾಕೆ ಹೀಗೆ ಬರೆದಿರಿ ಅಂತ. ಬಿಡಿಸಿ ಹೇಳುವಷ್ಟರಲ್ಲಿ ಒಂದು ವಾರ ಹೋಯಿತು.

ನಾನೇನು ಕಮ್ಮಿಯಿಲ್ಲ. ಒಂದು ಬೆಳಗ್ಗೆ ಸೆಂಪೈ, “ಇವತ್ತು ನಿಮ್ಮ ಟೆನ್ಷನ್ ಜಾಸ್ತಿ ಇದೆ, ಒಳ್ಳೆಯದು” ಅಂದರು. ನನಗೆ ರೇಗಿತು. ನನ್ನ ಟೆನ್ಷನ್ ಇವರಿಗೆ ಒಳ್ಳೆಯದಾ? ಆಮೇಲೆ ತಿಳಿಯಿತು, ಅಲ್ಲಿ ಟೆನ್ಷನ್ ಜಾಸ್ತಿ ಅಂದರೆ ಹುರುಪು ಜಾಸ್ತಿ ಅಂತ. ನಾವು ‘ಟೆನ್ಷನ್ ತಗೋಬೇಡ’ ಅನ್ನುತ್ತೇವೆ. ಒಂದೇ ಪದ ತಂದುಕೊಂಡು ಅವರು ಅತ್ತ ಹೋದರು, ನಾವು ಇತ್ತ ಬಂದೆವು. ನಮ್ಮದು ಮಾತ್ರ ಸರಿ ಅಂತ ಹೇಳಿದವರು ಯಾರು?

‘ಹೌದು’, ‘ಇಲ್ಲ’ಗಳದ್ದು ಇನ್ನೊಂದು ಫಜೀತಿ. ವಿಡಿಯೊ ಮೀಟಿಂಗಿನ ಕೊನೆಗೆ ಗಿರಾಕಿ, “ಯಾವ ಪ್ರಶ್ನೆಯೂ ಇಲ್ವಾ?” ಅಂತ ಇಂಗ್ಲಿಷಿನಲ್ಲಿ ಕೇಳಿದರು. ಸೆಂಪೈ ‘ಯೆಸ್’ ಅಂದರು. ಹೌದು, ಇಲ್ಲ ಅನ್ನುವ ಅರ್ಥದಲ್ಲಿ. ಆ ಕಡೆಯವರು ಪ್ರಶ್ನೆ ಬರುತ್ತದೆ ಅಂತ ಕಾದರು. ಈ ಕಡೆಯವರು ಮುಗಿಯಿತು ಅಂತ ಕಾದರು. ಅರ್ಧ ನಿಮಿಷ ಎಲ್ಲರೂ ಸ್ಕ್ರೀನ್ ನೋಡುತ್ತ ಕೂತೆವು. ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕನ್ನಡದಲ್ಲೂ ‘ಊಟ ಆಗಿಲ್ವಾ?’ ಅಂದರೆ ‘ಹೂಂ, ಆಗಿಲ್ಲ’ ಅನ್ನುತ್ತೇವೆ ಅಲ್ವಾ? ನಾನೂ ಆ ಜಾಗದಲ್ಲಿ ಯೆಸ್ ಅಂದೇ ಬಿಡುತ್ತಿದ್ದೆ.

ನುಡಿಗಟ್ಟಿಗೆ ಬಂದರೆ ವಿಷಯ ಇನ್ನೂ ಸೂಕ್ಷ್ಮ. ಸೆಂಪೈ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಒಂದು ಕಡೆ ‘ಪೀಸ್ ಆಫ್ ಕೇಕ್’, ಅದರೆದುರು ಜಪಾನಿಯ ‘ಅಸಾಮೆಶಿ ಮಾಎ’. ಅಂದರೆ ಬೆಳಗಿನ ಊಟಕ್ಕೆ ಮುಂಚೆಯೇ ಮುಗಿಸಬಹುದಾದಷ್ಟು ಸುಲಭ. ಕನ್ನಡದಲ್ಲಿ ಏನನ್ನುತ್ತೀರಿ ಅಂತ ನನ್ನನ್ನು ಕೇಳಿದರು. ‘ನೀರು ಕುಡಿದಷ್ಟು ಸುಲಭ’ ಅಂದೆ. ಮೂರನೇ ಕಾಲಂ ಎಳೆದು ಕಟಕನಾದಲ್ಲಿ ಬರೆದುಕೊಂಡರು. ಅವರ ಲಿಪಿಯಲ್ಲಿ ‘ರ’, ‘ಲ’ ಎರಡಕ್ಕೂ ಒಂದೇ ಅಕ್ಷರ, ಹಾಗಾಗಿ ಓದಿದಾಗ ‘ಸುರಬ’ ಆಯಿತು. ಅದೇ ಪುಟದಲ್ಲಿ ‘ಬೆಕ್ಕಿನ ಕೈಯನ್ನಾದರೂ ಸಾಲ ತರೋಣ ಅನ್ನಿಸುವಷ್ಟು ಕೆಲಸ’ ಅನ್ನುವುದೂ ಇದೆ. ಅದು ನನಗೆ ಬಹಳ ಇಷ್ಟ. ಇಂಗ್ಲಿಷಿನಲ್ಲಿ ಅದಕ್ಕೆ ಜೋಡಿ ಇನ್ನೂ ಸಿಕ್ಕಿಲ್ಲ, ಆ ಕಾಲಂ ಖಾಲಿ ಇದೆ.

ಹೀಗೆ ಕಲಿತ ‘ಪೀಸ್ ಆಫ್ ಕೇಕ್’ ಅನ್ನು ಸೆಂಪೈ ಒಂದು ದಿನ ಬಳಸಿಯೂ ಬಿಟ್ಟರು. ಗಿರಾಕಿಯ ತಂಡ ಒಂದು ಬಿಗಿತದ ಸಮಸ್ಯೆಯ ಜೊತೆ ಎರಡು ತಿಂಗಳು ಗುದ್ದಾಡಿ, ಕೊನೆಗೆ ನಮ್ಮ ಹತ್ತಿರ ಬಂದಿತ್ತು. ಸಮಾಧಾನ ಹೇಳೋಣ ಅಂತ ಇವರು ನಗುತ್ತ “ಪೀಸ್ ಆಫ್ ಕೇಕ್” ಅಂದರು. ಉಚ್ಚಾರ ಚೆನ್ನಾಗಿತ್ತು. ಅರ್ಥವೂ ಸರಿ. ಆ ಕಡೆ ಒಬ್ಬರೂ ನಗಲಿಲ್ಲ. ಎರಡು ತಿಂಗಳು ಒದ್ದಾಡಿದವರ ಎದುರು ‘ಇದೇನು ಮಹಾ’ ಅಂದ ಹಾಗಾಯಿತು.

ಈ ಪತ್ರ ಬರೆಯಲು ಇನ್ನೊಂದು ಕಾರಣವೂ ಇದೆ. ನಿಮ್ಮ ‘ದಿನಕ್ಕೊಂದು ಇಂಗ್ಲಿಷ್’ ಅಂಕಣದಲ್ಲಿ ಮೊನ್ನೆ ಇದೇ ನುಡಿಗಟ್ಟು ಬಂದಿತ್ತು. ಎದುರಿಗೆ ‘ತುಂಬ ಸುಲಭ’ ಅಂತ ಎರಡೇ ಪದ. ದಯವಿಟ್ಟು ಜೊತೆಗೆ ಇನ್ನೊಂದು ಸಾಲು ಹಾಕಿ. ಯಾರು ಯಾರಿಗೆ ಹೇಳಬಹುದು, ಯಾವಾಗ ಹೇಳಬಾರದು ಅಂತ. ಜಾಗ ಇಲ್ಲದಿದ್ದರೆ ವಾರಕ್ಕೆ ಮೂರೇ ಕೊಡಿ, ಸಾಕು.

ಸೆಂಪೈ ಕೂಡ ಈಗ ನಾಲ್ಕನೇ ಕಾಲಂ ಮಾಡಿದ್ದಾರೆ, ‘ಯಾರ ಹತ್ತಿರ’ ಅಂತ. ಕೇಕಿನ ಎದುರು ‘ಗಿರಾಕಿ ಹತ್ತಿರ ಬೇಡ’ ಎಂದು ಬರೆದಿದ್ದರು. ಅಭ್ಯಾಸಬಲ, ಕೆಂಪು ಪೆನ್ನಿನಲ್ಲಿ. ರೈಲಿನಲ್ಲಿ ಕೆಂಪು ಹಾಳೆ ಇಟ್ಟು ಓದಿದರೆ ಆ ಎಚ್ಚರಿಕೆಯೇ ಕಾಣುತ್ತಿರಲಿಲ್ಲ. ಹೋದ ವಾರ ಅದನ್ನು ಹೊಡೆದು ಹಾಕಿ, ಕಪ್ಪು ಪೆನ್ನಿನಲ್ಲಿ ಮತ್ತೆ ಬರೆದರು.

ಇತಿ,
ನಿಮ್ಮ ಓದುಗಿ
ಯೊಕೊಹಾಮಾ, ಜಪಾನ್