ಆವಾಗ ನೀರು ಎಷ್ಟಿತ್ತು?

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಷ್ಟು ವರ್ಷ ಸಮುದ್ರದ ಮೀನು ಲೆಕ್ಕ ಹಾಕಿದವನು ಅಣೆಕಟ್ಟಿನ ಹಿನ್ನೀರಲ್ಲೇ ಯಾಕೆ ಉಳಿದುಬಿಟ್ಟೆ?" ಅಂತ. ಆಗ ಸರಿಯಾಗಿ ಹೇಳೋಕೆ ಆಗಲಿಲ್ಲ. ಅದಕ್ಕೇ ಈ ಪತ್ರ.

ನನ್ನ ಕೆಲಸ ಶುರುವಾಗಿದ್ದು ಕಿವಿಗಲ್ಲಿನಿಂದ. ಮೀನಿನ ತಲೆಯೊಳಗೆ ಸುಣ್ಣದ ಪುಟ್ಟ ಕಲ್ಲುಗಳಿರುತ್ತವೆ. ಒಂದನ್ನು ತೆಗೆದು, ತೊಳೆದು, ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ಕಾಂಡದ ಹಾಗೆ ಉಂಗುರಗಳು ಕಾಣುತ್ತವೆ. ಅವನ್ನು ಎಣಿಸಿದರೆ ಮೀನಿನ ವಯಸ್ಸು ಸಿಗುತ್ತದೆ. ತಣ್ಣೀರಿನ ಮೀನಾದರೆ ವರ್ಷಕ್ಕೊಂದು. ಬೆಚ್ಚಗಿನ ನೀರಿನ ಮೀನಲ್ಲಿ ಅವು ಮಸುಕು. ದಿನಕ್ಕೊಂದು ಗೆರೆಯೂ ಬೀಳುತ್ತದೆ ಅಂತ 1971ರಲ್ಲಿ ಪನ್ನೆಲ್ಲಾ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಬೆರಳುದ್ದದ ಮರಿಯ ಕಲ್ಲಿನಲ್ಲಿ ನೂರಾರು ಗೆರೆ. ನಡುವೆ ಒಂದು ತಪ್ಪಿದರೆ ಮತ್ತೆ ಮೊದಲಿಂದ ಎಣಿಸಬೇಕು. ಆ ಕೆಲಸ ನನಗೆ ತುಂಬಾ ಇಷ್ಟ ಕಣೋ.

ವಯಸ್ಸು ಬೇಕಿದ್ದದ್ದು ಮೀನಿನ ಜಮಾ-ಖರ್ಚಿನ ಲೆಕ್ಕಕ್ಕೆ. 1931ರಲ್ಲಿ ರಸೆಲ್ ಎಂಬ ವಿಜ್ಞಾನಿ ಇದನ್ನು ಸರಳವಾಗಿ ಬರೆದಿಟ್ಟರು. ಹೊಸದಾಗಿ ಸೇರಿದ ಎಳೆ ಮೀನು, ಇದ್ದ ಮೀನು ಬೆಳೆದ ತೂಕ, ಇವೆರಡು ಜಮೆ. ತಾನಾಗಿ ಸತ್ತದ್ದು, ನಾವು ಹಿಡಿದದ್ದು, ಇವು ಖರ್ಚು. ಮುಂದೆ ಬಂದ ದೊಡ್ಡ ದೊಡ್ಡ ಮಾಡೆಲ್‌ಗಳ ಒಳಗೂ ಇದೇ ಲೆಕ್ಕವಿದೆ. ತೊಂದರೆ ಏನೆಂದರೆ, ಬಾಕಿ ಎಷ್ಟಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಒಂದು ಗಂಟೆ ಬಲೆ ಎಳೆದರೆ ಎಷ್ಟು ಸಿಕ್ಕಿತು ಅಂತ ನೋಡಿ ಅಂದಾಜು ಮಾಡುತ್ತೇವೆ.

ಈ ಅಂದಾಜೇ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮುಳುಗಿಸಿದ್ದು. ಅಲ್ಲಿ ಕಾಡ್ (cod) ಎಂಬ ಸಮುದ್ರದ ಮೀನು ಕಮ್ಮಿಯಾಗುತ್ತಿತ್ತು. ಆದರೆ ಉಳಿದವು ಒಂದೇ ಕಡೆ ಗುಂಪುಗೂಡುತ್ತಿದ್ದವು. ಬಲೆ ಎಳೆಯುವ ಟ್ರಾಲ್ ಹಡಗುಗಳು ನೇರ ಆ ಗುಂಪಿಗೇ ಹೋಗುತ್ತಿದ್ದವು. ಗಂಟೆಗೆ ಸಿಗುವ ಮೀನು ಚೆನ್ನಾಗಿಯೇ ಇತ್ತು. ಅದನ್ನು ನಂಬಿ ಹಿಡಿಯಲು ಜಾಸ್ತಿ ಬಿಟ್ಟರು. 1992ರ ಜುಲೈ 2ರಂದು ಕೆನಡಾ ಸರ್ಕಾರ ಆ ಮೀನುಗಾರಿಕೆಯನ್ನೇ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷಕ್ಕೆ ಅಂತ ಹಾಕಿದ ನಿಷೇಧ ತೆರವಾಗಿದ್ದು 2024ರಲ್ಲಿ. ಆ ಕಥೆಯನ್ನು ಕಿರಿಯರಿಗೆ ನಾನೇ ಎಷ್ಟೋ ಸಲ ಹೇಳಿದ್ದೆ.

ಆಮೇಲೆ ಎರಡು ವರ್ಷದ ಯೋಜನೆಗೆ ಅಂತ ಹಿನ್ನೀರಿಗೆ ಬಂದೆ. ಇಲ್ಲಿ ಲೆಕ್ಕ ಸುಲಭ ಅಂದುಕೊಂಡಿದ್ದೆ. ಸುತ್ತ ದಡ, ಒಂದು ಕಡೆ ಗೋಡೆ. ಮೊದಲ ಬೇಸಿಗೆಯಲ್ಲಿ ಸಂಜೆ ಬಲೆ ಬಿಟ್ಟು ಬೆಳಗಾಗುವ ಮುಂಚೆ ಎತ್ತುತ್ತಿದ್ದೆವು. ಮುಳುಗಿದ ಮರದ ಕೊಂಬೆಗೆ ಸಿಕ್ಕಿ ಬಲೆ ಹರಿಯುತ್ತಿತ್ತು. ಬಿಡಿಸುವಾಗ ಕೈಯೆಲ್ಲ ಲೋಳೆ, ಅದಕ್ಕೇ ಬರೆಯೋದು ಪೆನ್ಸಿಲ್‌ನಲ್ಲಿ. ಒಂದು ಬಲೆಗೆ ಸಿಗುವ ಮೀನು ಮೂರು ತಿಂಗಳಲ್ಲಿ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಮೀನು ಹೆಚ್ಚಿದೆ ಅಂತ ಖುಷಿಯಲ್ಲಿ ನಿನಗೆ ಫೋನ್ ಮಾಡಿದೆ.

ನೀನು ಕೇಳಿದ್ದು ಒಂದೇ ಮಾತು. "ಆವಾಗ ನೀರು ಎಷ್ಟಿತ್ತು?"

ನಿನಗೆ ನೆನಪಿರಲಿಕ್ಕಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕೆರೆಯಷ್ಟು ನೀರಿನಲ್ಲಿ ಹುಡುಕುವುದೂ ಕೊಳಗದಷ್ಟು ನೀರಿನಲ್ಲಿ ಹುಡುಕುವುದೂ ಒಂದೇನಾ? ಬೇಸಿಗೆಗೆ ನೀರು ಹರಡಿದ ಜಾಗ ಅರ್ಧಕ್ಕೆ ಇಳಿದಿತ್ತು. ಇದ್ದ ಮೀನೇ ಒತ್ತೊತ್ತಾಗಿ ನಿಂತಿತ್ತು, ಅಷ್ಟೇ. ಕಾಡ್ ಮೀನಿನಲ್ಲಿ ಆದದ್ದೇ ನನ್ನ ಕೈಯಲ್ಲೂ ಆಗಿತ್ತು. ವರದಿ ಇನ್ನೂ ಕಳಿಸಿರಲಿಲ್ಲ, ನಿನ್ನಿಂದ ಉಳಿಯಿತು.

ನಾನು ಇಲ್ಲೇ ಉಳಿದದ್ದು ಆ ಪ್ರಶ್ನೆಯಿಂದ. ಸಮುದ್ರದಲ್ಲಿ ಮೀನಿನ ಗುಂಪು ಎಷ್ಟು ಜಾಗಕ್ಕೆ ಕುಗ್ಗಿದೆ ಅಂತ ತಿಳಿಯುವುದು ಬಹಳ ಕಷ್ಟ. ಇಲ್ಲಿ ಅಣೆಕಟ್ಟಿನ ಗೋಡೆಯ ಮೇಲೇ ಅಳತೆ ಪಟ್ಟಿ ಇದೆ. ದಿನಾ ಓದಬಹುದು. ನೀರು ಬರೀ ಜಾಗವೂ ಅಲ್ಲ. ಏರುವಾಗ ದಡದ ಹುಲ್ಲು ಮುಳುಗಿ ಮರಿಗಳಿಗೆ ಮನೆಯಾಗುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಹೊಸ ಅಣೆಕಟ್ಟು ತುಂಬಿದ ಮೊದಲ ವರ್ಷಗಳಲ್ಲಿ ಮೀನು ಹೇರಳ, ಆಮೇಲೆ ಇಳಿಯುತ್ತದೆ. ಆಫ್ರಿಕಾದ ಜಾಂಬೆಜಿ ನದಿಯ ಕರೀಬಾ ಅಣೆಕಟ್ಟು ನೋಡು. 1958ರ ಕೊನೆಗೆ ತುಂಬಲು ಶುರುವಾಗಿ 1963ಕ್ಕೆ ತುಂಬಿತು. ನದಿಯ ಮೀನುಗಳೆಲ್ಲ ಹೆಚ್ಚಾಗಿ ದಡದ ಬಳಿಯೇ. ನಡುನೀರು ಖಾಲಿ. 1967-68ರಲ್ಲಿ ತಾಂಗನ್ಯಿಕಾ ಸರೋವರದಿಂದ ಕಪೆಂಟ ಎಂಬ ಪುಟ್ಟ ಮೀನು ತಂದು ಬಿಟ್ಟರು. ಇವತ್ತಿಗೂ ಅಲ್ಲಿ ರಾತ್ರಿ ದೀಪ ಹಚ್ಚಿ ಅದನ್ನು ಹಿಡಿಯುತ್ತಾರೆ.

ಈಗ ನನ್ನ ಮಾಡೆಲ್‌ನಲ್ಲಿ ಮೊದಲ ಸಾಲು ನೀರಿನ ಮಟ್ಟ. ಮೀನು ಆಮೇಲೆ. ಕಿರಿಯರು ಅಂಕಿ ತಂದುಕೊಟ್ಟರೆ ನಿನ್ನ ಪ್ರಶ್ನೆಯನ್ನೇ ಕೇಳುತ್ತೇನೆ.

ಮಳೆ ಹಿಡಿಯುವ ಮುಂಚೆ ಒಂದು ಸಲ ಬಾ. ಬೆಳಗಿನ ಜಾವ ಬಲೆ ಎತ್ತುವಾಗ ದೋಣಿಯಲ್ಲಿ ಒಬ್ಬರಿಗೆ ಜಾಗ ಇರುತ್ತದೆ. ಪೆನ್ಸಿಲ್ ನೀನು ಹಿಡಿ.

ನಿನ್ನ,
ಹಳೆಯ ಗೆಳೆಯ