ಸ್ಟಿಕ್ಕರ್ ಅಂಟಿಸಿದರೆ ಬ್ರೈಲ್ ಆಯಿತೇ?

ಮಾನ್ಯ ಸಂಪಾದಕರೇ,

'ಅಂಧ ವಿದ್ಯಾರ್ಥಿಗಳಿಗೆ ಬ್ರೈಲ್ ಲ್ಯಾಪ್‌ಟಾಪ್' ಎಂಬ ಮಂಗಳವಾರದ ನಿಮ್ಮ ವರದಿಯನ್ನು ಸೊಸೆ ಓದಿ ಹೇಳಿದಳು. ಫೋಟೋ ದೊಡ್ಡದಾಗಿಯೇ ಹಾಕಿದ್ದೀರಂತೆ. ವೇದಿಕೆಯ ಮೇಲೆ 14 ಮಂದಿ ಗಣ್ಯರು, ಲ್ಯಾಪ್‌ಟಾಪ್ ಹಿಡಿದ ಹುಡುಗರು 5. ಆ ಐವರಲ್ಲಿ ಒಬ್ಬ ನಮ್ಮ ಓಣಿಯವನು, ಅವನ ಜೊತೆಗೆ ಹೋಗಿದ್ದವನು ನಾನು, ನಾನೂ ಅಂಧನೇ. ಅಲ್ಲಿ ಕೊಟ್ಟದ್ದು ಬ್ರೈಲ್ ಲ್ಯಾಪ್‌ಟಾಪ್ ಅಲ್ಲ ಸ್ವಾಮಿ. ಯಾವ ಅಂಗಡಿಯಲ್ಲೂ ಸಿಗುವ ಮಾಮೂಲಿ ಲ್ಯಾಪ್‌ಟಾಪ್. ಅದರ ಕೀಲಿಗಳ ಮೇಲೆ ಉಬ್ಬು ಚುಕ್ಕಿಯ ಬ್ರೈಲ್ ಅಕ್ಷರದ ಪ್ಲಾಸ್ಟಿಕ್ ಸ್ಟಿಕ್ಕರ್ ಅಂಟಿಸಿದ್ದಾರೆ. ನಿಮ್ಮ ವರದಿಗಾರರು ಒಮ್ಮೆ ಮುಟ್ಟಿ ನೋಡಿದ್ದರೂ ಗೊತ್ತಾಗುತ್ತಿತ್ತು.

ಬೆಳಿಗ್ಗೆ 10ಕ್ಕೆ ಬನ್ನಿ ಎಂದು ಫೋನು ಬಂದಿತ್ತು. ರಾಯಚೂರಿನ ಬಿಸಿಲಲ್ಲಿ, ಆಟೋದವನಿಗೆ 120 ರೂಪಾಯಿ ಕೊಟ್ಟು, ರಸ್ತೆ ಅಗೆದಿದ್ದರಿಂದ ಅರ್ಧ ಫರ್ಲಾಂಗು ಮಣ್ಣಗುಡ್ಡೆ ದಾಟಿ ಹೋದೆವು. ಲಿಫ್ಟ್ ಕೆಟ್ಟಿತ್ತು. ಅತಿಥಿಗಳು ಬಂದದ್ದು ಒಂದೂಕಾಲಿಗೆ. ಆಮೇಲೆ ಶಾಲು, ಹಾರ, ಹಾರ ಹಾಕಿದವರಿಗೂ ಶಾಲು. ನೀರಿನ ಕ್ಯಾನ್ ವೇದಿಕೆಯ ಹಿಂದೆ ಇತ್ತಂತೆ, ಕಣ್ಣಿದ್ದವರಿಗೆ ಸಿಕ್ಕಿತು. ಕೊನೆಗೆ ಹುಡುಗ ಲ್ಯಾಪ್‌ಟಾಪ್ ತೆರೆದು ತಡವಿ, "ತಾತಾ, ಇದು ಬರೀ ಮಾತಾಡ್ತದ" ಅಂದ. ಅಧಿಕಾರಿಯೊಬ್ಬರನ್ನು ಹುಡುಕಿ ಕೇಳಿದೆ, ಬ್ರೈಲ್ ಡಿಸ್‌ಪ್ಲೇ ಎಲ್ಲಿ ಅಂತ. "ಕೀ ಮ್ಯಾಲ ಬ್ರೈಲ್ ಅದಲ್ರೀ ಅಜ್ಜಾರ! ಮ್ಯಾಲ ಕಂಪ್ಯೂಟರೇ ಓದಿ ಹೇಳ್ತದ, ಇನ್ನೇನು ಬೇಕು ನಿಮಗ?" ಅಂದರು.

ಏನು ಬೇಕು ಅಂತ ಹೇಳುತ್ತೇನೆ, ಕೇಳಲಿ.

ಕುರುಡನಿಗೆ ಕೀಲಿಯ ಮೇಲೆ ಬ್ರೈಲ್ ಬೇಕಿಲ್ಲ. ಎಫ್ ಮತ್ತು ಜೆ ಕೀಲಿಗಳ ಮೇಲಿನ ಪುಟ್ಟ ಗೆರೆ ಹಿಡಿದು ಹತ್ತೂ ಬೆರಳಲ್ಲಿ ಟೈಪ್ ಮಾಡುವುದು ನಮಗೆ ಮೊದಲ ಪಾಠ. ಬೇಕಾದದ್ದು ಪರದೆಯ ಮೇಲಿನ ಅಕ್ಷರ ಬೆರಳಿಗೆ ಸಿಗುವುದು. ಬ್ರೈಲ್ ಡಿಸ್‌ಪ್ಲೇ ಅಂದರೆ ಕೀಬೋರ್ಡಿನ ಮುಂದೆ ಇಡುವ ಒಂದು ಪಟ್ಟಿ. ಅದರಲ್ಲಿ 20 ಅಥವಾ 40 ಕೋಶಗಳು, ಒಂದೊಂದರಲ್ಲಿ 8 ಸಣ್ಣ ಮೊಳೆ. ಕಂಪ್ಯೂಟರಿನಲ್ಲಿ ಸಾಲು ಬದಲಾದ ಹಾಗೆ ಮೊಳೆಗಳು ಏಳುತ್ತವೆ, ಇಳಿಯುತ್ತವೆ. ನಿವೃತ್ತಿಯ ದುಡ್ಡಿನಲ್ಲಿ ನಾನೇ 20 ಕೋಶದ್ದೊಂದು ಕೊಂಡಿದ್ದೇನೆ. ಬ್ರೈಲಿನಲ್ಲಿ ಕಾಗುಣಿತದ ಗುರುತಿಗೂ ಬೇರೆ ಕೋಶ ಬೇಕು, ಹಾಗಾಗಿ 'ಪಂಚಾಯಿತಿ ಅಭಿವೃದ್ಧಿ' ಅನ್ನುವಷ್ಟಕ್ಕೆ ಸಾಲು ತುಂಬಿಹೋಗುತ್ತದೆ, 'ಅಧಿಕಾರಿ' ಮುಂದಿನ ಸಾಲಿಗೆ. ಅವರು ಜಾಗದಲ್ಲಿ ಸಿಗದಿರುವುದು ಹೊಸದೇನೂ ಅಲ್ಲ ಬಿಡಿ.

ಮಾತಾಡುವ ಸಾಫ್ಟ್‌ವೇರ್ ಬೇಡವೆಂದು ನಾನು ಹೇಳುತ್ತಿಲ್ಲ. ಎನ್‌ವಿಡಿಎ ಎಂಬ ಅಂಥದೊಂದನ್ನು ನಾನೂ ಬಳಸುತ್ತೇನೆ. ಆಸ್ಟ್ರೇಲಿಯಾದ ಅಂಧ ಯುವಕನೊಬ್ಬ 2006ರಲ್ಲಿ ಶುರುಮಾಡಿದ್ದು, ಪುಕ್ಕಟೆ ಸಿಗುತ್ತದೆ. ಉದ್ದದ ಲೇಖನವಿದ್ದರೆ ವೇಗ ಏರಿಸಿ ಕೇಳಿ ಮುಗಿಸುತ್ತೇನೆ, ಬೆರಳಲ್ಲಿ ಅಷ್ಟು ಬೇಗ ಆಗುವುದಿಲ್ಲ. ಆದರೆ ಕೇಳುವುದು ಬೇರೆ, ಓದುವುದು ಬೇರೆ. ನಮ್ಮ ಓಣಿಯ ಹುಡುಗ ಪಿಯುಸಿ ಎರಡನೇ ವರ್ಷ, ಜಾಣ. ಎಂಟನೇ ತರಗತಿಯಿಂದ ಎಲ್ಲವನ್ನೂ ಕಿವಿಯಲ್ಲೇ ಕಲಿತವನು. ಹೋದ ತಿಂಗಳು ಅರ್ಜಿ ಬರೆದ: 'ನಮ್ಮ ಹಲ್ಲಿಗೆ ಬಸ್ ಸೌಕರ್ಯವಿಲ್ಲ.' ಗುಮಾಸ್ತರು ಬಿದ್ದು ಬಿದ್ದು ನಕ್ಕರಂತೆ. ಅವನದೇನು ತಪ್ಪು? ಆ ಯಂತ್ರದ ದನಿ ವೇಗದಲ್ಲಿ ಹೇಳುವಾಗ ಹಳ್ಳಿಯೂ ಹಲ್ಲಿಯೂ ಒಂದೇ. ಬ್ರೈಲಿನಲ್ಲಿ 'ಲ' ಅಂದರೆ 1-2-3ನೇ ಚುಕ್ಕಿ, 'ಳ' ಅಂದರೆ 4-5-6. ಒಂದು ಎಡಗಂಬ, ಇನ್ನೊಂದು ಬಲಗಂಬ. ಒಮ್ಮೆ ಮುಟ್ಟಿದ ಬೆರಳು ಜನ್ಮದಲ್ಲಿ ಮರೆಯುವುದಿಲ್ಲ. 'ಶ', 'ಷ' ಎರಡೂ ಯಂತ್ರದ ಬಾಯಲ್ಲಿ ನನ್ನ ಕಿವಿಗೆ ಹೆಚ್ಚುಕಡಿಮೆ ಒಂದೇ ಶಬ್ದ, ಬೆರಳಿನ ಕೆಳಗೆ ಎರಡು ಬೇರೆ ಅಕ್ಷರ.

ಇನ್ನು ನನ್ನ ಪಾಡು. 31 ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವನು ನಾನು. ಹಗಲೆಲ್ಲ ಕಿವಿಗೆ ಹೆಡ್‌ಫೋನ್. ಎಡಗಿವಿ ಈಗ ಅರ್ಧ ಸಂಬಳದ ರಜೆಯಲ್ಲಿದೆ. ಪೆನ್ಶನ್ ಲೆಕ್ಕ ಕೇಳೋಣವೆಂದರೆ ಸ್ಪೀಕರಿನಲ್ಲಿ ಮನೆಯವರಿಗೆಲ್ಲ ಕೇಳುತ್ತದೆ, ಹೆಡ್‌ಫೋನ್ ಹಾಕಿದರೆ ಬಾಗಿಲು ಬಡಿದ ಸಪ್ಪಳ ನನಗೆ ಕೇಳುವುದಿಲ್ಲ, ಗ್ಯಾಸಿನವನು ವಾಪಸು ಹೋಗುತ್ತಾನೆ. ಹಾಗಾದರೆ ಕಣ್ಣೂ ಇಲ್ಲದೆ ಕಿವಿಯೂ ಮಂದವಾದವರಿಗೆ ಈ ಮಾತಿನ ಮಲ್ಲನಿಂದ ಏನು ಉಪಯೋಗ? ಇದನ್ನು ಕೇಳಿದ್ದಕ್ಕೆ ಆ ಅಧಿಕಾರಿ, "ಅದು ಬ್ಯಾರೆ ಸ್ಕೀಮಿನಾಗ ಬರ್ತದ್ರೀ" ಅಂದರು. ಎಲ್ಲವೂ ಬೇರೆ ಸ್ಕೀಮಿನಲ್ಲೇ ಬರುತ್ತದೆ, ಬರುವುದು ಮಾತ್ರ ಕಾಣೆ.

40 ಕೋಶದ ಡಿಸ್‌ಪ್ಲೇ ಬೆಲೆ ಲಕ್ಷ ದಾಟುತ್ತದೆ, ನಿಜ. ನಮ್ಮೂರ ಧೂಳು ಮೊಳೆಗಳ ಸಂದಿಗೆ ಸೇರುತ್ತದೆ, ನಾನು ಪಂಚೆಯ ಚುಂಗು ಹೊದಿಸಿಡುತ್ತೇನೆ, ಅದೂ ನಿಜ. ದುಡ್ಡಿಲ್ಲ ಅಂತ ಹೇಳಿದ್ದರೆ ಸುಮ್ಮನಿರುತ್ತಿದ್ದೆ. ಬ್ರೈಲ್ ಕೊಟ್ಟೆವು ಎಂದು ಹೇಳಿದ್ದಕ್ಕೆ ಸಿಟ್ಟು. ಹೆಸರು ಬದಲಿಸುವುದರಲ್ಲಿ ನಮ್ಮವರು ಗಟ್ಟಿಗರು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು, ಈಗ ಮಾತಾಡುವ ಲ್ಯಾಪ್‌ಟಾಪ್ ಬ್ರೈಲ್ ಲ್ಯಾಪ್‌ಟಾಪ್ ಆಯಿತು. ಈ ಲಿಪಿ ಕೊಟ್ಟ ಲೂಯಿ ಬ್ರೈಲ್ ಹುಟ್ಟಿದ ದಿನ ಜನವರಿ 4 ಬಂದರೆ ಅವರ ಫೋಟೋಕ್ಕೆ ಇದೇ ಮಂದಿ ಹಾರ ಹಾಕುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 'ಸಂವಹನ' ಎಂಬ ಮಾತಿನ ಅರ್ಥ ಹೇಳುವಾಗಲೇ ಬ್ರೈಲ್ ಹೆಸರು ಬರುತ್ತದೆ. ಇವರು ಅದನ್ನು ಓದುವುದು ಯಾವಾಗ? ಓದಲು ಇವರಿಗೆ ಕಣ್ಣಿದೆ.

ಅಂದಹಾಗೆ, ಹೋದ ವರ್ಷ ಗುರುತಿನ ಚೀಟಿ ನವೀಕರಣಕ್ಕೆ ಇವರೇ ಒಂದು ಸುತ್ತೋಲೆ ಕಳಿಸಿದರು, ಹಳೆಯ ನುಡಿ ಫಾಂಟಿನಲ್ಲಿ. ಯೂನಿಕೋಡ್ ಅಲ್ಲ, ಅಂದರೆ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ. ಕಂಪ್ಯೂಟರ್ 'ಪಿ, ಎ, ಪೌಂಡ್' ಎಂದು ಮಂತ್ರ ಹೇಳಿತು. ಅದು ಬೇಡವೆಂದಿದ್ದಕ್ಕೆ ಸ್ಕ್ಯಾನ್ ಮಾಡಿ ಕಳಿಸಿದರು, ಅದು ಬರೀ ಚಿತ್ರ, ಕಂಪ್ಯೂಟರ್ ಬಾಯೇ ಬಿಡಲಿಲ್ಲ. ಚೀಟಿಗಾಗಿ ಮೂರು ಸಲ ಅಲೆದೆ. ಮೂರನೇ ಸಲ, "ನೀವೇ ಬರಬೇಕಿತ್ತು" ಅಂದರು. ಮೂರೂ ಸಲ ನಾನೇ ಹೋಗಿದ್ದೆ. ಮಾತಾಡುವ ಎಟಿಎಮ್ಮಿನ ಹೆಡ್‌ಫೋನ್ ತೂತಿಗೆ ಯಾರೋ ಬೆಂಕಿಕಡ್ಡಿ ಮುರಿದು ಸಿಕ್ಕಿಸಿ ವರ್ಷವಾಯಿತು, ಅದನ್ನು ಯಾರಿಗೆ ಹೇಳುವುದು?

ಆ ಎನ್‌ವಿಡಿಎ ಒಳಗೇ ಕನ್ನಡ ಬ್ರೈಲ್ ಇದೆ, ಡಿಸ್‌ಪ್ಲೇ ಜೋಡಿಸಿದರೆ ಸಾಕು. ಐವರಿಗಲ್ಲದಿದ್ದರೆ ಗ್ರಂಥಾಲಯದಲ್ಲಿ ಒಂದಾದರೂ ಇಡಲಿ. ಸಂಬಂಧಪಟ್ಟವರು ಕೂಡಲೇ ಗಮನಹರಿಸಬೇಕು. ಸಂಬಂಧಪಟ್ಟವರು ಯಾರು ಎಂಬುದನ್ನೂ ಅವರೇ ತಿಳಿಸಬೇಕು. ಅದಾಗದಿದ್ದರೆ ಆ ಸ್ಟಿಕ್ಕರನ್ನಾದರೂ ವಾಪಸು ಒಯ್ಯಲಿ. ಹುಡುಗನ ಬೆವರಿಗೆ ಎಫ್ ಕೀಲಿಯದು ಆಗಲೇ ಕಿತ್ತುಬಂದಿದೆ. ನೀವೂ ತಲೆಬರಹ ತಿದ್ದಿ.

– ಒಬ್ಬ ನಿವೃತ್ತ ಟೆಲಿಫೋನ್ ಆಪರೇಟರ್, ರಾಯಚೂರು